ನೆರೆ ಬರುವ ಮುನ್ನ ಎಣಿಕೆ: ವಿಕಲಚೇತನರ ರಕ್ಷಣೆಯಲ್ಲಿ ಹಾಲು ಸಂಘದ ಪಾತ್ರ

(ಸದಸ್ಯ ಶಿಕ್ಷಣ ಪಾಠ)



ಬೆಂಕಿ ಬಿದ್ದ ಮೇಲೆ ಬಾವಿ ತೋಡಬಾರದು ಎಂಬುದು ಹಿರಿಯರ ಮಾತು. ಕಾಲುಬಾಯಿ ಜ್ವರ ಕಾಣಿಸುವ ಮೊದಲೇ ಲಸಿಕೆ ಹಾಕಿಸುತ್ತೇವೆ. ಬೇಸಿಗೆಗೆ ಮುಂಚೆಯೇ ಒಣಮೇವು ಒಟ್ಟುತ್ತೇವೆ. ರಾಸುಗಳಿಗೆ ಕಿವಿಯೋಲೆ ಹಾಕಿಸಿ ವಿಮೆ ಮಾಡಿಸುತ್ತೇವೆ. ಮುಂಜಾಗ್ರತೆ ಹೈನುಗಾರರಿಗೆ ಹೊಸದೇನಲ್ಲ. ಆದರೆ ಒಂದು ಪ್ರಶ್ನೆಯನ್ನು ನಿಮಗೆ ನೀವೇ ಕೇಳಿಕೊಳ್ಳಿ. ನಾಳೆ ರಾತ್ರಿ ಊರಿಗೆ ನೀರು ನುಗ್ಗಿದರೆ, ತಾವಾಗಿ ಎದ್ದು ಹೊರಗೆ ಬರಲಾಗದವರು ನಮ್ಮ ಊರಿನಲ್ಲಿ ಎಷ್ಟು ಮಂದಿ? ಅವರು ಯಾವ ಮನೆಯಲ್ಲಿದ್ದಾರೆ? ಅವರನ್ನು ಕರೆತರುವವರು ಯಾರು?

ಈ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಬರೆದಿಟ್ಟುಕೊಂಡಿರುವ ಊರು ಬಹಳ ಕಡಿಮೆ. ಅದನ್ನು ಬರೆದಿಡುವ ಕೆಲಸಕ್ಕೆ ಹಾಲು ಸಂಘ ಹೇಗೆ ಕೈ ಹಚ್ಚಬಹುದು ಎಂಬುದೇ ಈ ಪಾಠದ ವಿಷಯ.

1. ಅಪಾಯ ಎಲ್ಲರಿಗೂ ಒಂದೇ ಸಮನಲ್ಲ

ನಮ್ಮ ರಾಜ್ಯದ ಜನರಿಗೆ ನೆರೆ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಸುರಿದ ಮಳೆಗೆ ಉತ್ತರ ಕರ್ನಾಟಕದ ನೂರಾರು ಹಳ್ಳಿಗಳು ನೀರಿನಲ್ಲಿ ನಿಂತವು. ಇನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದವು. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಒಟ್ಟಿಗೆ ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ದಂಡೆಯ ಊರುಗಳಿಂದ ಲಕ್ಷಾಂತರ ಜನ ಮನೆ ಬಿಡಬೇಕಾಯಿತು. 2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಜಾರಿತು.

ಇಂತಹ ಹೊತ್ತಿನಲ್ಲಿ ಗಟ್ಟಿಮುಟ್ಟಾದವರು ಓಡಿ ಎತ್ತರದ ಜಾಗ ಸೇರುತ್ತಾರೆ. ಕಾಲು ಸ್ವಾಧೀನವಿಲ್ಲದವರು ಓಡಲಾರರು. ಕಿವಿ ಕೇಳದವರಿಗೆ ಡಂಗುರವೂ ಧ್ವನಿವರ್ಧಕವೂ ಮುಟ್ಟುವುದಿಲ್ಲ. ಕಣ್ಣು ಕಾಣದವರು ನಿತ್ಯ ನಡೆಯುವ ದಾರಿಯನ್ನು ಚೆನ್ನಾಗಿ ಬಲ್ಲರು. ಆದರೆ ನೀರು ನಿಂತಾಗ ಆ ದಾರಿಯ ಗುರುತುಗಳೇ ಅಳಿಸಿಹೋಗುತ್ತವೆ. ಬುದ್ಧಿಮಾಂದ್ಯ ಮಕ್ಕಳು, ಮಾನಸಿಕ ಕಾಯಿಲೆ ಇರುವವರು ಗದ್ದಲಕ್ಕೆ ಹೆದರಿ ಮೂಲೆಯಲ್ಲಿ ಅಡಗಿ ಕೂರುವುದುಂಟು.

2011ರ ಮಾರ್ಚ್‌ನಲ್ಲಿ ಜಪಾನಿನಲ್ಲಿ ಭೂಕಂಪದ ಬೆನ್ನಿಗೆ ಸಮುದ್ರ ಉಕ್ಕಿ ಬಂದಾಗ, ಪೀಡಿತ ಕರಾವಳಿಯಲ್ಲಿ ವಿಕಲಚೇತನರ ಸಾವಿನ ಪ್ರಮಾಣ ಉಳಿದವರಿಗಿಂತ ಸುಮಾರು ಎರಡು ಪಟ್ಟು ಇತ್ತು. ಅಷ್ಟೊಂದು ಸಿದ್ಧತೆ ಇರುವ ದೇಶದ ಪಾಡೇ ಹೀಗಾಯಿತು.

2013ರಲ್ಲಿ ವಿಶ್ವಸಂಸ್ಥೆಯ ವಿಪತ್ತು ಅಪಾಯ ತಗ್ಗಿಸುವ ಕಚೇರಿಯು 137 ದೇಶಗಳ ಐದು ಸಾವಿರಕ್ಕೂ ಹೆಚ್ಚು ವಿಕಲಚೇತನರನ್ನು ವಿಚಾರಿಸಿತು. ದಿಢೀರನೆ ವಿಪತ್ತು ಬಂದರೆ ಕಷ್ಟವಿಲ್ಲದೆ ತಕ್ಷಣ ಹೊರಬರಬಲ್ಲೆವು ಎಂದವರು 100ಕ್ಕೆ 20 ಮಂದಿ ಮಾತ್ರ. ಸಾಕಷ್ಟು ಮೊದಲೇ ತಿಳಿಸಿದರೆ ಹೊರಬರಬಲ್ಲೆವು ಎಂದವರು 100ಕ್ಕೆ 38. ಈ ಎರಡು ಅಂಕಿಗಳನ್ನು ನೆನಪಿನಲ್ಲಿಡಿ. ದೋಣಿ ಬೇಕಿಲ್ಲ, ಯಂತ್ರ ಬೇಕಿಲ್ಲ. ಸುದ್ದಿಯನ್ನು ಹೊತ್ತಿಗೆ ಮುಂಚೆ ಮುಟ್ಟಿಸಿದರೆ ಸಾಕು, ತಾವಾಗಿ ಪಾರಾಗುವವರ ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ತಮ್ಮ ಊರಿನಲ್ಲಿ ವಿಪತ್ತು ಯೋಜನೆ ಇದೆಯೆಂದು ತಿಳಿದವರು ಅದೇ ವಿಚಾರಣೆಯಲ್ಲಿ 100ಕ್ಕೆ 17 ಮಂದಿ ಮಾತ್ರ.

2. ನಮ್ಮ ಊರಿನ ಲೆಕ್ಕ

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 13 ಲಕ್ಷ 24 ಸಾವಿರ ವಿಕಲಚೇತನರಿದ್ದರು. ಅಂದರೆ 100 ಜನರಿಗೆ ಇಬ್ಬರಿಗಿಂತ ಸ್ವಲ್ಪ ಹೆಚ್ಚು. 2,000 ಜನಸಂಖ್ಯೆಯ ಊರಿನಲ್ಲಿ ಸುಮಾರು 40 ಮಂದಿ ಎಂದಾಯಿತು. ಮಂಡಿ ನೋವಿನಿಂದ ನಡೆಯಲಾಗದ ವೃದ್ಧರು, ಲಕ್ವ ಹೊಡೆದು ಹಾಸಿಗೆ ಹಿಡಿದವರು, ದಿನ ತುಂಬಿದ ಗರ್ಭಿಣಿಯರು, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುವವರನ್ನು ಸೇರಿಸಿದರೆ ಸಂಖ್ಯೆ ಇನ್ನೂ ದೊಡ್ಡದಾಗುತ್ತದೆ.

ಈಗ ಒಂದು ಮನೆಯ ಲೆಕ್ಕ ಮಾಡೋಣ. ಇದು ಉದಾಹರಣೆಗಾಗಿ ಕಲ್ಪಿಸಿಕೊಂಡ ಮನೆ. ಇಂತಹ ಮನೆ ನಿಮ್ಮ ಊರಿನಲ್ಲಿಯೂ ಇರಬಹುದು. ಹಳ್ಳದ ದಂಡೆಯಲ್ಲಿ ಗಂಡ, ಹೆಂಡತಿ, ಲಕ್ವ ಹೊಡೆದ ಅತ್ತೆ, ಕಿವಿ ಕೇಳದ 15 ವರ್ಷದ ಮಗ, 3 ವರ್ಷದ ಮಗಳು. ಕೊಟ್ಟಿಗೆಯಲ್ಲಿ ಎರಡು ಮಿಶ್ರತಳಿ ಹಸು, ಒಂದು ಕರು. ರಾತ್ರಿ ಎರಡು ಗಂಟೆಗೆ ಅಂಗಳಕ್ಕೆ ನೀರು ಬಂತು. ಅತ್ತೆಯನ್ನು ಎತ್ತಲು ಇಬ್ಬರು ಬೇಕು. ಮಗುವನ್ನು ಎತ್ತಿಕೊಳ್ಳಲು ಒಬ್ಬರು ಬೇಕು. ಹಸುಗಳನ್ನು ಬಿಚ್ಚಿ ಹೊಡೆದುಕೊಂಡು ಹೋಗಲು ಒಬ್ಬರು ಬೇಕು. ಬೇಕಾದವರು ನಾಲ್ಕು ಜನ, ಎಚ್ಚರವಾಗಿರುವ ದೊಡ್ಡವರು ಇಬ್ಬರು. ಮಗನಿಗೆ ಯಾವ ಕೂಗೂ ಕೇಳಿಸಿಲ್ಲ. ಅವನಿನ್ನೂ ಮಲಗಿಯೇ ಇದ್ದಾನೆ.

ಹೀಗಾದಾಗ ಏನಾಗುತ್ತದೆಂದು ನಿಮಗೆ ಗೊತ್ತಿದೆ. ಒಬ್ಬರು ಹಸುಗಳಿಗಾಗಿ ಕೊಟ್ಟಿಗೆಯಲ್ಲಿ, ಇನ್ನೊಬ್ಬರು ಅತ್ತೆಗಾಗಿ ಒಳಗೆ ಉಳಿಯುತ್ತಾರೆ. ನೀರು ಇಬ್ಬರನ್ನೂ ಕಾಯುವುದಿಲ್ಲ. ಬ್ಯಾಂಕಿನ ಸಾಲ ಮಾಡಿ ತಂದ ಹಸು, ಮನೆ ನಡೆಸುವ ಹಸು. ಅದನ್ನು ಬಿಟ್ಟು ಬನ್ನಿ ಎಂದು ಹೊರಗಿನವರು ಹೇಳುವುದು ಸುಲಭ. ಆದುದರಿಂದ ಹೈನುಗಾರರ ಮನೆಯಲ್ಲಿ ಜನರ ರಕ್ಷಣೆಯ ಯೋಜನೆಯನ್ನೂ ರಾಸುಗಳ ರಕ್ಷಣೆಯ ಯೋಜನೆಯನ್ನೂ ಬೇರೆ ಬೇರೆ ಮಾಡಲು ಬರುವುದಿಲ್ಲ.

ಈ ಲೆಕ್ಕಕ್ಕೆ ಉತ್ತರವನ್ನು ಮುಂದೆ ನೋಡೋಣ.

3. ಹಾಲು ಸಂಘಕ್ಕೇ ಏಕೆ ಈ ಕೆಲಸ?

ರಕ್ಷಣೆ ಸರ್ಕಾರದ ಹೊಣೆ, ಸಂಘಕ್ಕೆ ಹಾಲು ಅಳೆಯುವ ಕೆಲಸವೇ ಬೇಕಾದಷ್ಟಿದೆ ಎಂದು ಕೆಲವರು ಕೇಳಬಹುದು. ಹೊಣೆ ಸರ್ಕಾರದ್ದೇ, ಸಂಶಯವಿಲ್ಲ. ಆದರೆ ಹೊರಗಿನ ನೆರವು ಊರು ತಲುಪುವ ಮೊದಲಿನ ಗಂಟೆಗಳಲ್ಲಿ ಅಕ್ಕಪಕ್ಕದವರೇ ಒಬ್ಬರಿಗೊಬ್ಬರು ದಿಕ್ಕು. ಆ ಹೊತ್ತಿಗೆ ಬೇಕಾದ ಮೂರು ಅನುಕೂಲ ಹಾಲು ಸಂಘಕ್ಕೆ ಇವೆ.

ಮೊದಲನೆಯದು, ದಿನಕ್ಕೆರಡು ಬಾರಿ ಸದಸ್ಯರ ಮನೆಗಳಿಂದ ಯಾರಾದರೊಬ್ಬರು ಡೇರಿಗೆ ಬರುತ್ತಾರೆ. ಊರಿನಲ್ಲಿ ಬೇರೆ ಯಾವ ಸಂಸ್ಥೆಗೂ ಹೀಗೆ ಬೆಳಗ್ಗೆ ಸಂಜೆ ಜನರ ಭೇಟಿ ಇರುವುದಿಲ್ಲ. ಯಾವ ಮನೆಯ ಹಾಲು ಇಂದು ಬರಲಿಲ್ಲ ಎಂಬುದು ಕಾರ್ಯದರ್ಶಿಗೂ ಹಾಲು ಪರೀಕ್ಷಕರಿಗೂ ಆ ಹೊತ್ತಿಗೇ ತಿಳಿಯುತ್ತದೆ.

ಎರಡನೆಯದು, ಸಂಘಕ್ಕೆ ಕಟ್ಟಡ, ವಿದ್ಯುತ್, ದೂರವಾಣಿ ಸಂಪರ್ಕಗಳಿವೆ. ಹಾಲು ಶೀತಲೀಕರಣ ಘಟಕವಿರುವ ಕಡೆ ಜನರೇಟರ್ ಸಹ ಇರುತ್ತದೆ. ಹಾಲಿನ ವಾಹನ ನಿಗದಿತ ವೇಳೆಗೆ ಬಂದು ಹೋಗುತ್ತದೆ. ರಸ್ತೆ ಎಲ್ಲಿ ಕಟ್ಟಿದೆ, ಯಾವ ಸೇತುವೆ ಮುಳುಗಿದೆ ಎಂಬುದು ಆ ವಾಹನದ ಚಾಲಕರಿಗೆ ಬೇಗ ಗೊತ್ತಾಗುತ್ತದೆ.

ಮೂರನೆಯದು, ಇದು ಸಹಕಾರ ತತ್ವಕ್ಕೆ ಹೊಂದುವ ಕೆಲಸ. 1995ರಲ್ಲಿ ಅಂತರರಾಷ್ಟ್ರೀಯ ಸಹಕಾರ ಒಕ್ಕೂಟವು ಮ್ಯಾಂಚೆಸ್ಟರ್ ನಗರದಲ್ಲಿ ಸೇರಿ ಸಹಕಾರದ ಏಳು ತತ್ವಗಳನ್ನು ಅಂಗೀಕರಿಸಿತು. ಏಳನೆಯದು ಸಮುದಾಯದ ಬಗ್ಗೆ ಕಾಳಜಿ. ಮೊದಲನೆಯದು ಮುಕ್ತ ಸದಸ್ಯತ್ವ. ವಿಕಲಚೇತನರಲ್ಲಿ ಅನೇಕರು ನಮ್ಮ ಸದಸ್ಯರೇ, ಹಾಲು ಹಾಕುವವರೇ. ಪರರಿಗೆ ಮಾಡುವ ಉಪಕಾರವೆಂದು ಇದನ್ನು ಎಣಿಸಬೇಕಾಗಿಲ್ಲ.

4. ಕಾನೂನು ಏನು ಹೇಳುತ್ತದೆ?

ವಿಕಲಚೇತನರ ಹಕ್ಕುಗಳು ಕೇಳದೆ ಬಂದವಲ್ಲ. ಅವರೇ ಸಂಘಟಿತರಾಗಿ, ಬೀದಿಗೆ ಬಂದು ಕೇಳಿದ್ದರಿಂದ ಬಂದವು. 1981ರ ಜನಗಣತಿಯಲ್ಲಿ ವಿಕಲಚೇತನರ ಬಗ್ಗೆ ಪ್ರಶ್ನೆಯಿತ್ತು. 1991ರಲ್ಲಿ ಅದನ್ನು ಕೈಬಿಡಲಾಯಿತು. 2001ರ ಗಣತಿಗೆ ಮುನ್ನ ವಿಕಲಚೇತನರ ಸಂಘಟನೆಗಳು ದನಿ ಎತ್ತಿ ಪಟ್ಟು ಹಿಡಿದ ಮೇಲೆ ಪ್ರಶ್ನೆ ಮತ್ತೆ ಸೇರಿತು. ಎಣಿಕೆಗೆ ಬಾರದವರಿಗೆ ಯೋಜನೆಯಲ್ಲೂ ಪಾಲು ಸಿಗದು ಎಂಬುದನ್ನು ಅವರು ಚೆನ್ನಾಗಿ ಅರಿತಿದ್ದರು.

1995ರ ಡಿಸೆಂಬರ್‌ನಲ್ಲಿ ಸಂಸತ್ತು ವಿಕಲಚೇತನರಿಗಾಗಿ ಮೊದಲ ಸಮಗ್ರ ಕಾನೂನನ್ನು ಅಂಗೀಕರಿಸಿತು. ಅದಕ್ಕೂ ಮುನ್ನ ದೆಹಲಿಯಲ್ಲಿ ಜಾವೇದ್ ಆಬಿದಿ ಮೊದಲಾದವರ ಮುಂದಾಳತ್ವದಲ್ಲಿ ವಿಕಲಚೇತನರು ಧರಣಿ ನಡೆಸಿದ್ದರು. ಆ ಕಾನೂನಿನಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು. ಅದರ ಜಾಗಕ್ಕೆ ಬಂದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದಲ್ಲಿ 21 ಬಗೆಗಳಿವೆ. ಇದು 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು.

ಈ ಅಧಿನಿಯಮದ 8ನೇ ಕಲಂ ನಮ್ಮ ಪಾಠಕ್ಕೆ ಮುಖ್ಯವಾದುದು. ಅದರ ಸಾರಾಂಶ ಹೀಗಿದೆ:

(ಅ) ಪ್ರಕೃತಿ ವಿಕೋಪ ಮೊದಲಾದ ಅಪಾಯದ ಸಂದರ್ಭಗಳಲ್ಲಿ ಉಳಿದವರಿಗೆ ಸಮನಾದ ರಕ್ಷಣೆ ವಿಕಲಚೇತನರ ಹಕ್ಕು.

(ಆ) ರಾಷ್ಟ್ರೀಯ ಮತ್ತು ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರಗಳು ತಮ್ಮ ಕಾರ್ಯಗಳಲ್ಲಿ ವಿಕಲಚೇತನರನ್ನು ಒಳಗೊಳ್ಳಬೇಕು.

(ಇ) ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರವು ಜಿಲ್ಲೆಯ ವಿಕಲಚೇತನರ ವಿವರಗಳ ದಾಖಲೆ ಇಡಬೇಕು. ಅಪಾಯದ ಸೂಚನೆ ಅವರಿಗೆ ಮುಟ್ಟುವಂತೆ ಕ್ರಮ ಕೈಗೊಳ್ಳಬೇಕು.

(ಈ) ವಿಪತ್ತಿನ ನಂತರದ ಪುನರ್‌ನಿರ್ಮಾಣದಲ್ಲಿ ಅವರ ಓಡಾಟಕ್ಕೆ ಅನುಕೂಲವಾಗುವಂತೆ ಕಟ್ಟಬೇಕು.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರವು 2019ರ ಸೆಪ್ಟೆಂಬರ್‌ನಲ್ಲಿ ಇದೇ ವಿಷಯದ ಮಾರ್ಗಸೂಚಿಗಳನ್ನು ಹೊರಡಿಸಿದೆ. ಕಾನೂನಿದೆ, ಮಾರ್ಗಸೂಚಿಯಿದೆ. ಜಿಲ್ಲೆಯ ದಾಖಲೆ ಸರಿಯಾಗಿರಬೇಕಾದರೆ ಊರಿನ ದಾಖಲೆ ಸರಿಯಾಗಿರಬೇಕು. ಆ ಕೆಲಸ ಊರಿನವರಿಂದಲೇ ಆಗಬೇಕು.

5. ಮಾಡಿ ತೋರಿಸಿದವರು

ಬಾಂಗ್ಲಾದೇಶದ ಉತ್ತರ ಭಾಗದಲ್ಲಿ ಗೈಬಾಂಧಾ ಎಂಬ ಜಿಲ್ಲೆಯಿದೆ. ಬ್ರಹ್ಮಪುತ್ರಾ ಮತ್ತು ತೀಸ್ತಾ ನದಿಗಳ ನೆರೆ ಅಲ್ಲಿಗೆ ಮತ್ತೆ ಮತ್ತೆ ಬರುತ್ತದೆ. ಜನ ನಮ್ಮ ಹಾಗೆಯೇ ಸಣ್ಣ ಹಿಡುವಳಿದಾರರು, ದನ ಮೇಕೆ ಸಾಕುವವರು. ಅಲ್ಲಿ ವಿಕಲಚೇತನರು ತಮ್ಮದೇ ಸ್ವಸಹಾಯ ಗುಂಪುಗಳನ್ನು ಕಟ್ಟಿಕೊಂಡರು. ಆ ಗುಂಪುಗಳ ಪ್ರತಿನಿಧಿಗಳು ವಾರ್ಡು ಮಟ್ಟದ ವಿಪತ್ತು ನಿರ್ವಹಣಾ ಸಮಿತಿಗಳಲ್ಲಿ ಕುಳಿತರು. ಅವರು ಸಮಿತಿಗೆ ಬಂದ ಮೇಲೆ ಕೆಲಸದ ರೀತಿಯೇ ಬದಲಾಯಿತು. ಮನೆಯ ತಳಪಾಯವನ್ನು ನೆರೆಯ ಮಟ್ಟಕ್ಕಿಂತ ಎತ್ತರಿಸುವುದು, ಆಶ್ರಯ ತಾಣಕ್ಕೆ ಇಳಿಜಾರು ದಾರಿ ಮಾಡುವುದು, ಗಾಲಿಕುರ್ಚಿ ಸಮೇತ ಹತ್ತಬಹುದಾದ ದೋಣಿಯನ್ನು ಕಟ್ಟಿಸುವುದು, ದನಗಳಿಗೂ ಎತ್ತರದ ಜಾಗ ಗೊತ್ತುಮಾಡುವುದು ಇವೆಲ್ಲ ಯೋಜನೆಯೊಳಗೆ ಸೇರಿದವು.

ಇನ್ನೊಂದು ಉದಾಹರಣೆ ಜಪಾನಿನ ಉರಾಕಾವಾ ಎಂಬ ಕಡಲತೀರದ ಊರಿನದು. ಅಲ್ಲಿ ಮಾನಸಿಕ ಕಾಯಿಲೆಯಿಂದ ಬಳಲುವವರು ಒಟ್ಟಾಗಿ ಬಾಳುವ ಬೆಥೆಲ್ ಹೌಸ್ ಎಂಬ ಸಮುದಾಯವಿದೆ. ನಾಲ್ಕು ನಿಮಿಷದೊಳಗೆ ಹತ್ತು ಮೀಟರ್ ಎತ್ತರದ ಜಾಗ ಸೇರಬೇಕೆಂದು ಗುರಿ ಇಟ್ಟುಕೊಂಡು ಅವರು ಮತ್ತೆ ಮತ್ತೆ ಅಭ್ಯಾಸ ಮಾಡಿದರು. ಚಿತ್ರ, ಧ್ವನಿ, ಬರಹ ಮೂರೂ ಇರುವ ಕೈಪಿಡಿ ಬಳಸಿದರು. 2011ರ ಮಾರ್ಚ್ 11ರಂದು ಎಚ್ಚರಿಕೆ ಬಂದಾಗ ಅವರು ಗಾಬರಿಯಾಗದೆ ಅಭ್ಯಾಸ ಮಾಡಿದ ದಾರಿಯಲ್ಲೇ ನಡೆದು ಎತ್ತರದ ಜಾಗ ಸೇರಿದರು.

ಈ ಎರಡು ಊರುಗಳಿಂದ ಕಲಿಯಬೇಕಾದದ್ದು ಒಂದೇ. ಯೋಜನೆ ಮಾಡುವಾಗ ವಿಕಲಚೇತನರು ಸಭೆಯಲ್ಲಿ ಕುಳಿತಿರಬೇಕು. ತಮ್ಮ ಮನೆಯ ಹೊಸ್ತಿಲು ಎಷ್ಟು ಎತ್ತರ, ತಮಗೆ ಯಾರು ಆಸರೆಯಾದರೆ ಅನುಕೂಲ ಎಂಬುದು ಅವರಿಗಿಂತ ಚೆನ್ನಾಗಿ ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

6. ಸಂಘ ಮಾಡಬೇಕಾದ ಆರು ಕೆಲಸಗಳು

ಒಂದು: ಪಟ್ಟಿ. ಆಡಳಿತ ಮಂಡಳಿಯ ಇಬ್ಬರು, ಊರಿನ ವಿಕಲಚೇತನರಲ್ಲಿ ಕನಿಷ್ಠ ಇಬ್ಬರು ಸೇರಿ ಒಂದು ಸಮಿತಿ ಮಾಡಿ. ಇಬ್ಬರಲ್ಲಿ ಒಬ್ಬರು ಮಹಿಳೆಯಾಗಿರಲಿ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನೂ ಆಶಾ ಕಾರ್ಯಕರ್ತೆಯರನ್ನೂ ಜೊತೆಗೆ ಕರೆದುಕೊಳ್ಳಿ. ಮನೆಮನೆಗೆ ಹೋಗಿ ಈ ವಿವರ ಬರೆದುಕೊಳ್ಳಿ: ಹೆಸರು, ಮನೆ ಇರುವ ಜಾಗ, ತೊಂದರೆಯ ಬಗೆ, ಬಳಸುವ ಸಾಧನ (ಊರುಗೋಲು, ಗಾಲಿಕುರ್ಚಿ, ಶ್ರವಣ ಸಾಧನ), ನಿತ್ಯ ಬೇಕಾದ ಔಷಧಿ, ಹೊರಬರಲು ಎಷ್ಟು ಜನರ ನೆರವು ಬೇಕು, ಮನೆಯಲ್ಲಿರುವ ರಾಸುಗಳ ಸಂಖ್ಯೆ. ಸದಸ್ಯರಲ್ಲದ ಮನೆಗಳನ್ನೂ ಬಿಡಬೇಡಿ. ಒಪ್ಪಿಗೆ ಪಡೆದೇ ಬರೆಯಿರಿ. ಪಟ್ಟಿಯನ್ನು ಸೂಚನಾ ಫಲಕಕ್ಕೆ ಅಂಟಿಸಬಾರದು. ಒಂಟಿಯಾಗಿರುವವರ ವಿವರ ಕಂಡವರ ಕೈಗೆ ಸಿಗುವುದು ಕ್ಷೇಮವಲ್ಲ. ಒಂದು ಪ್ರತಿ ಕಾರ್ಯದರ್ಶಿಯ ಬಳಿ, ಒಂದು ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಇರಲಿ. ಪ್ರತಿ ವರ್ಷ ಮೇ ತಿಂಗಳಲ್ಲಿ, ಮುಂಗಾರಿಗೆ ಮೊದಲು, ಪಟ್ಟಿಯನ್ನು ತಿದ್ದಬೇಕು.

ಎರಡು: ಸುದ್ದಿ ಮುಟ್ಟಿಸುವುದು. ಒಂದೇ ಬಗೆಯ ಸೂಚನೆಯನ್ನು ನಂಬಬೇಡಿ. ಧ್ವನಿವರ್ಧಕ ಕಿವುಡರಿಗೆ ತಲುಪದು. ಬರೆದ ಸೂಚನೆ ಕಣ್ಣು ಕಾಣದವರಿಗೆ ತಲುಪದು. ಧ್ವನಿವರ್ಧಕ, ಮೊಬೈಲ್ ಸಂದೇಶ, ರಾತ್ರಿ ಟಾರ್ಚಿನ ಬೆಳಕು ಇವುಗಳ ಜೊತೆಗೆ ಪಟ್ಟಿಯಲ್ಲಿರುವ ಪ್ರತಿ ಮನೆಗೂ ಒಬ್ಬರು ಹೋಗಿ ಮುಟ್ಟಿ ಹೇಳಬೇಕು. ಅಣೆಕಟ್ಟೆಯಿಂದ ನೀರು ಬಿಡುವ ಸೂಚನೆ ಬಂದರೆ ಆ ಸಂಜೆ ಹಾಲು ಹಾಕಲು ಬಂದ ಎಲ್ಲರಿಗೂ ತಿಳಿಸಿ. ಹಾಲು ಹಾಕಲು ಬಾರದವರ ಮನೆಗೆ ಆಳು ಕಳುಹಿಸಿ. ಪಟ್ಟಿಯಲ್ಲಿರುವ ಮನೆಗಳಿಗೆ ಮೊದಲು ಹೇಳಿ, ಮೊದಲು ಹೊರಡಿಸಿ. ಅವರಿಗೆ ಹೆಚ್ಚು ಸಮಯ ಬೇಕು.

ಮೂರು: ಜೊತೆಗಾರರು. ಪಟ್ಟಿಯ ಪ್ರತಿಯೊಬ್ಬರಿಗೂ ಹತ್ತಿರದ ಮನೆಗಳ ಇಬ್ಬರನ್ನು ಜೊತೆಗಾರರಾಗಿ ಗೊತ್ತುಮಾಡಿ. ಒಬ್ಬರು ಊರಲ್ಲಿಲ್ಲದಿದ್ದರೆ ಇನ್ನೊಬ್ಬರು ಇರಬೇಕು. ಮಹಿಳೆಯರಿಗೆ ಮಹಿಳೆಯೊಬ್ಬರು ಜೊತೆಗಿರಲಿ. ಯಾರನ್ನು ಜೊತೆಗಾರರಾಗಿ ಬಯಸುತ್ತಾರೆಂದು ಅವರನ್ನೇ ಕೇಳಿ.

ನಾಲ್ಕು: ರಾಸುಗಳು. ಮಳೆಗಾಲಕ್ಕೆ ಮೊದಲೇ ರಾಸುಗಳನ್ನು ಒಯ್ಯಬೇಕಾದ ಎತ್ತರದ ಜಾಗ ಗೊತ್ತುಮಾಡಿ, ಅಲ್ಲಿ ಮೇವು, ನೀರಿನ ವ್ಯವಸ್ಥೆ ಮಾಡಿ. ವಿಕಲಚೇತನರ ಮನೆಯ ರಾಸುಗಳನ್ನು ಎಚ್ಚರಿಕೆ ಬಂದ ಸಂಜೆಯೇ ಅಲ್ಲಿಗೆ ಸಾಗಿಸಿ. ಕೊಟ್ಟಿಗೆ ಖಾಲಿಯಾದರೆ ಮನೆಯವರ ಮನಸ್ಸು ಹಗುರಾಗುತ್ತದೆ, ಹೊರಡಲು ತಡಮಾಡುವುದಿಲ್ಲ. ಸಾಗಿಸಲು ಆಗದೇಹೋದರೆ ಕಣ್ಣಿ ಬಿಚ್ಚಿಬಿಡಿ. ಗೂಟಕ್ಕೆ ಕಟ್ಟಿದ ರಾಸು ನಿಂತಲ್ಲೇ ಮುಳುಗುತ್ತದೆ. ಬಿಚ್ಚಿಬಿಟ್ಟದ್ದು ಈಜಿ ಬದುಕಲೂಬಹುದು. ಕಿವಿಯೋಲೆಯ ಸಂಖ್ಯೆಯನ್ನು ಸಂಘದಲ್ಲಿಯೂ ಬರೆಸಿಡಿ.

ಐದು: ಕಾಳಜಿ ಕೇಂದ್ರ. ಯಾವ ಶಾಲೆ ಅಥವಾ ಸಮುದಾಯ ಭವನ ಕಾಳಜಿ ಕೇಂದ್ರವಾಗುತ್ತದೆಂದು ತಿಳಿದುಕೊಂಡು, ವಿಕಲಚೇತನರ ಜೊತೆಯಲ್ಲೇ ಹೋಗಿ ನೋಡಿ. ಮೆಟ್ಟಿಲುಗಳ ಪಕ್ಕ ಇಳಿಜಾರು ದಾರಿ ಇದೆಯೇ? ಶೌಚಾಲಯದ ಬಾಗಿಲಲ್ಲಿ ಗಾಲಿಕುರ್ಚಿ ಹೋಗುತ್ತದೆಯೇ? ಹಿಡಿದುಕೊಳ್ಳಲು ಕಂಬಿ ಇದೆಯೇ? ರಾತ್ರಿ ದೀಪವಿದೆಯೇ? ಎಷ್ಟೋ ಮಹಿಳೆಯರು ಶೌಚಾಲಯಕ್ಕೆ ಹೋಗಲಾಗದೆಂಬ ಕಾರಣಕ್ಕೇ ಮನೆ ಬಿಟ್ಟು ಬರಲು ಹಿಂಜರಿಯುತ್ತಾರೆ. ಡೇರಿಯ ಕಟ್ಟಡಕ್ಕೂ ಇಳಿಜಾರು ದಾರಿ ಮಾಡಿಸಿ. ಗಾಲಿಕುರ್ಚಿ ಹತ್ತುವ ಇಳಿಜಾರಿನಲ್ಲಿ ಹಾಲಿನ ಕ್ಯಾನು ಸಾಗಿಸುವುದೂ ಸುಲಭ. ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತುವ ಅಜ್ಜಿಯರಿಗೂ ಅನುಕೂಲ.

ಆರು: ಅಭ್ಯಾಸ. ವರ್ಷಕ್ಕೊಮ್ಮೆ, ಜೂನ್‌ಗೆ ಮೊದಲು, ಒಂದು ಸಂಜೆ ಹಾಲು ಅಳತೆಯಾದ ಮೇಲೆ ಅಣಕು ಅಭ್ಯಾಸ ಮಾಡಿ. ಗಡಿಯಾರ ನೋಡಿಕೊಂಡು ಸುದ್ದಿ ಹೊರಡಿಸಿ. ಪಟ್ಟಿಯ ಕೊನೆಯ ಮನೆಗೆ ಸುದ್ದಿ ಮುಟ್ಟಲು ಎಷ್ಟು ನಿಮಿಷವಾಯಿತು, ಕೊನೆಯ ವ್ಯಕ್ತಿ ಎತ್ತರದ ಜಾಗ ಸೇರಲು ಎಷ್ಟು ನಿಮಿಷವಾಯಿತು ಎಂದು ಬರೆದಿಡಿ. ಅಭ್ಯಾಸದಲ್ಲಿ ವಿಕಲಚೇತನರೇ ಭಾಗವಹಿಸಬೇಕು. ಅವರ ಬದಲಿಗೆ ಬೇರೆಯವರನ್ನು ಕೂರಿಸಿ ಶಾಸ್ತ್ರ ಮುಗಿಸಬಾರದು.

ಈಗ ಹಳ್ಳದ ದಂಡೆಯ ಮನೆಯ ಲೆಕ್ಕಕ್ಕೆ ಬರೋಣ. ಪಟ್ಟಿಯಲ್ಲಿ ಆ ಮನೆಯ ಹೆಸರಿದ್ದರೆ ಸಂಜೆಯೇ ಸುದ್ದಿ ಮುಟ್ಟುತ್ತದೆ. ಜೊತೆಗಾರರಿಬ್ಬರು ಬಂದು ಅತ್ತೆಯನ್ನು ಮಂಚದ ಸಮೇತವೋ ಗಟ್ಟಿ ಜಮಖಾನೆಯಲ್ಲೋ ಸಾಗಿಸುತ್ತಾರೆ. ಹೆಂಡತಿ ಮಗುವನ್ನೂ ಔಷಧಿಯ ಗಂಟನ್ನೂ ಎತ್ತಿಕೊಳ್ಳುತ್ತಾಳೆ. ಹಸುಗಳನ್ನು ಹೊಡೆದುಕೊಂಡು ಹೋಗುವವರು ಗಂಡ ಮತ್ತು ಕಿವಿ ಕೇಳದ ಆ ಮಗ. ಅವನ ಕಾಲು ಗಟ್ಟಿಯಿದೆ, ಹಸುಗಳಿಗೆ ಅವನ ಕೈ ಪರಿಚಿತ. ಹೊತ್ತಿಗೆ ಸರಿಯಾಗಿ ಅವನನ್ನು ಎಬ್ಬಿಸಿ, ಕೈಸನ್ನೆಯಲ್ಲಿ ತಿಳಿಸಿದ್ದರೆ ಸಾಕಿತ್ತು. ಮೊದಲ ಲೆಕ್ಕದಲ್ಲಿ ಕಾಪಾಡಬೇಕಾದವರ ಸಾಲಿನಲ್ಲಿದ್ದ ಹುಡುಗ ಈಗ ಕಾಪಾಡುವವರ ಸಾಲಿಗೆ ಬಂದಿದ್ದಾನೆ. ಯಾರಿಗೆ ಏನು ಆಗದು ಎಂದು ಬರೆಯುವಾಗ, ಅವರಿಂದ ಏನು ಆಗುತ್ತದೆ ಎಂಬುದನ್ನೂ ತಪ್ಪದೆ ಬರೆದುಕೊಳ್ಳಿ.

7. ನೆರವು ನೀಡುವಾಗ ನೆನಪಿಡಿ

* ಮೊದಲು ಕೇಳಿ, ಆಮೇಲೆ ಮುಟ್ಟಿ. ಹೇಗೆ ಎತ್ತಿದರೆ ನೋವಾಗದು ಎಂದು ಅವರೇ ಹೇಳುತ್ತಾರೆ.
* ಕಣ್ಣು ಕಾಣದವರ ಕೈ ಹಿಡಿದು ಎಳೆಯಬೇಡಿ. ನಿಮ್ಮ ಮೊಣಕೈ ಮೇಲ್ಭಾಗವನ್ನು ಅವರು ಹಿಡಿದುಕೊಳ್ಳಲಿ. ನೀವು ಅರ್ಧ ಹೆಜ್ಜೆ ಮುಂದೆ ನಡೆದು, ಮೆಟ್ಟಿಲು, ಗುಂಡಿ ಬಂದಾಗ ಹೇಳಿ.
* ಕಿವಿ ಕೇಳದವರ ಎದುರು ನಿಂತು, ಮುಖದ ಮೇಲೆ ಬೆಳಕು ಬೀಳುವಂತೆ, ಸನ್ನೆ ಮಾಡಿ ಹೇಳಿ.
* ಇಳಿಜಾರಿನಲ್ಲಿ ಗಾಲಿಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಿ.
* ಹೆದರಿದವರನ್ನು ಗದರಿಸಬೇಡಿ. ಪರಿಚಯದವರೊಬ್ಬರು ಸಣ್ಣ ಮಾತಿನಲ್ಲಿ, ಒಂದೊಂದೇ ವಿಷಯ ಹೇಳಲಿ.
* ಊರುಗೋಲು, ಗಾಲಿಕುರ್ಚಿ, ಕನ್ನಡಕ, ಶ್ರವಣ ಸಾಧನಗಳನ್ನು ಬಿಟ್ಟುಬರಬೇಡಿ. ಅವಿಲ್ಲದಿದ್ದರೆ ಕಾಳಜಿ ಕೇಂದ್ರದಲ್ಲಿ ಅವರು ಕುಳಿತಲ್ಲೇ ಕೂರಬೇಕಾಗುತ್ತದೆ.
* ಹರಿಯುವ ನೀರು ಮೊಣಕಾಲಿನಷ್ಟಿದ್ದರೂ ಆಳನ್ನು ಕೆಡವುತ್ತದೆ. ಯಾರನ್ನಾದರೂ ಹೊತ್ತುಕೊಂಡು ಅಂತಹ ನೀರಿಗೆ ಇಳಿಯುವ ಸಾಹಸ ಬೇಡ. 112ಕ್ಕೆ ಕರೆ ಮಾಡಿ, ಎತ್ತರದಲ್ಲಿ ಕಾಯಿರಿ.

ಮನೆಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಸದಾ ಸಿದ್ಧವಿರಲಿ. ವಿಕಲಚೇತನರ ಗುರುತಿನ ಚೀಟಿ, ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್ ಪುಸ್ತಕ, ಹಾಲಿನ ಪುಸ್ತಕ, ರಾಸುಗಳ ವಿಮೆಯ ಕಾಗದ, ಒಂದು ವಾರದ ಔಷಧಿ, ಟಾರ್ಚು ಅದರಲ್ಲಿರಲಿ.

8. ನೀರು ಇಳಿದ ಮೇಲೆ

ನೆರೆಯ ಕಷ್ಟ ನೀರಿನೊಂದಿಗೆ ಇಳಿಯುವುದಿಲ್ಲ. ಪರಿಹಾರದ ಅರ್ಜಿಗೆ ಸಾಲಿನಲ್ಲಿ ನಿಲ್ಲಲಾಗದವರು ಹಿಂದೆ ಉಳಿಯುತ್ತಾರೆ. ಹಾನಿಯ ಸಮೀಕ್ಷೆಗೆ ಬಂದವರು ಮನೆ ನೋಡಿ, ಮುರಿದ ಗಾಲಿಕುರ್ಚಿ ಬರೆದುಕೊಳ್ಳದೆ ಹೋಗಬಹುದು. ಸಂಘದ ಸಮಿತಿ ಪಟ್ಟಿ ಹಿಡಿದು ಮತ್ತೆ ಮನೆಮನೆಗೆ ಹೋಗಲಿ. ಅರ್ಜಿ ಬರೆಯಲು ನೆರವಾಗಲಿ. ಕಳೆದ ಸಾಧನಗಳ ಬಗ್ಗೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಗೆ ಬರೆಯಲಿ. ಸತ್ತ ರಾಸುಗಳ ಬಗ್ಗೆ ಪಶುವೈದ್ಯರಿಂದ ದೃಢೀಕರಣ ಕೊಡಿಸಲಿ. ಕೈಯಲ್ಲಿ ಶಕ್ತಿ ಇಲ್ಲದವರ ಕೊಟ್ಟಿಗೆಯ ಕೆಸರು ತೆಗೆಯಲು ಒಂದು ದಿನದ ಶ್ರಮದಾನ ಏರ್ಪಡಿಸಲಿ.

9. ಗ್ರಾಮ ಸಭೆಯಲ್ಲಿ ಕೇಳಿ

ಮೇಲಿನ ಕೆಲಸಗಳೆಲ್ಲವನ್ನೂ ಸಂಘದ ಹಣದಿಂದಲೇ ಮಾಡಲಾಗದು, ಮಾಡಬೇಕಾಗಿಯೂ ಇಲ್ಲ. ಗ್ರಾಮ ಪಂಚಾಯಿತಿಯು ವಿಕಲಚೇತನರ ಕಲ್ಯಾಣಕ್ಕೆ ಶೇ 5ರಷ್ಟು ನಿಧಿ ತೆಗೆದಿಡಬೇಕು. ವಿಕಲಚೇತನರ ವಿಶೇಷ ಗ್ರಾಮ ಸಭೆ ಕರೆಯಲು ಅವಕಾಶವಿದೆ. ಆ ಸಭೆಗೆ ಹೋಗಿ. ಹೋಗಲಾಗದವರನ್ನು ಕರೆದೊಯ್ಯಿರಿ. ಬಾಯಿಮಾತಿಗಿಂತ ಬರಹದ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕೇಳಬೇಕಾದ ಪ್ರಶ್ನೆಗಳು ಇಷ್ಟೇ: ನಮ್ಮ ಪಂಚಾಯಿತಿಯ ವಿಪತ್ತು ಯೋಜನೆಯಲ್ಲಿ ವಿಕಲಚೇತನರ ಪಟ್ಟಿ ಇದೆಯೇ? ಅದು ಜಿಲ್ಲಾ ಪ್ರಾಧಿಕಾರಕ್ಕೆ ತಲುಪಿದೆಯೇ? ಕಾಳಜಿ ಕೇಂದ್ರಕ್ಕೆ ಇಳಿಜಾರು ದಾರಿ ಮತ್ತು ಶೌಚಾಲಯ ಯಾವಾಗ ಆಗುತ್ತದೆ? ಉತ್ತರ ಬಾರದಿದ್ದರೆ ತಹಶೀಲ್ದಾರರಿಗೆ, ಜಿಲ್ಲಾಧಿಕಾರಿಗಳಿಗೆ ಬರೆಯಿರಿ. ಆಗಲೂ ಆಗದಿದ್ದರೆ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಸಲ್ಲಿಸಬಹುದು.

ಹಿಂದೆ ಹಾಲಿನ ದರಕ್ಕಾಗಿ, ಸರಿಯಾದ ಅಳತೆಗಾಗಿ, ಹೊತ್ತಿಗೆ ಸರಿಯಾದ ಬಟವಾಡೆಗಾಗಿ ನಾವು ಒಟ್ಟಾಗಿ ಕೇಳಿ ಪಡೆದಿದ್ದೇವೆ. ಒಬ್ಬೊಬ್ಬರೇ ಕೇಳಿದಾಗ ಸಿಗದದ್ದು ಸಂಘವಾಗಿ ಕೇಳಿದಾಗ ಸಿಕ್ಕಿದೆ. ಇಲ್ಲಿಯೂ ಅದೇ ದಾರಿ.

10. ಠರಾವಿನ ಮಾದರಿ

ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಈ ಠರಾವನ್ನು ನಡವಳಿ ಪುಸ್ತಕದಲ್ಲಿ ಬರೆಯಬಹುದು:

"ಊರಿನ ವಿಕಲಚೇತನರು, ಅಶಕ್ತ ವೃದ್ಧರು ಇವರ ವಿಪತ್ತು ರಕ್ಷಣೆಗಾಗಿ ಸಂಘದ ವತಿಯಿಂದ ಸಮಿತಿ ರಚಿಸಲಾಗಿದೆ. ಸಮಿತಿಯಲ್ಲಿ ವಿಕಲಚೇತನ ಪ್ರತಿನಿಧಿಗಳು ಕನಿಷ್ಠ ಇಬ್ಬರಿರುತ್ತಾರೆ. ಸಮಿತಿಯು ಮೇ ತಿಂಗಳ ಕೊನೆಯೊಳಗೆ ಪಟ್ಟಿ ಸಿದ್ಧಪಡಿಸಿ ಗ್ರಾಮ ಪಂಚಾಯಿತಿಗೆ ಸಲ್ಲಿಸತಕ್ಕದ್ದು. ವರ್ಷಕ್ಕೊಮ್ಮೆ ಅಣಕು ಅಭ್ಯಾಸ ನಡೆಸಿ, ವರದಿಯನ್ನು ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ಓದತಕ್ಕದ್ದು."

ಸಂಘದಲ್ಲಿ ಚರ್ಚಿಸಲು ಪ್ರಶ್ನೆಗಳು

1) ನಿಮ್ಮ ಮನೆಯಿಂದ ಹತ್ತು ಮನೆಯ ಆಚೀಚೆ ತಾವಾಗಿ ಹೊರಬರಲಾಗದವರು ಯಾರ್ಯಾರು?
2) ರಾತ್ರಿ ಎರಡು ಗಂಟೆಗೆ ಕಿವಿ ಕೇಳದ ಸದಸ್ಯರೊಬ್ಬರಿಗೆ ಸುದ್ದಿ ಮುಟ್ಟಿಸುವುದು ಹೇಗೆ?
3) ನಿಮ್ಮ ಮನೆಯ ಕೈಗಳ ಲೆಕ್ಕ ಮಾಡಿ: ಎತ್ತಬೇಕಾದವರು, ನಡೆಸಬೇಕಾದವರು, ರಾಸುಗಳು ಎಷ್ಟು? ಕೈಗಳು ಎಷ್ಟು?
4) ಡೇರಿಯ ಕಟ್ಟಡಕ್ಕೆ ಊರುಗೋಲು ಹಿಡಿದವರು ಹಾಲಿನ ಪಾತ್ರೆಯೊಂದಿಗೆ ಹತ್ತಿ ಬ���ಬಲ್ಲರೇ?
5) ನಿಮ್ಮ ಸಂಘದ ವಿಕಲಚೇತನ ಸದಸ್ಯರು ಕಳೆದ ಸರ್ವಸದಸ್ಯರ ಸಭೆಗೆ ಬಂದಿದ್ದರೇ? ಬಾರದಿದ್ದರೆ ಏಕೆಂದು ಕೇಳಿದಿರಾ?

ಈ ಪಾಠವನ್ನು ಓದು ಬಾರದ ಸದಸ್ಯರಿಗೆ ಹಾಲು ಹಾಕುವ ಹೊತ್ತಿನಲ್ಲಿ ಓದಿ ಹೇಳಿ. ಪಟ್ಟಿಯ ಕೆಲಸವನ್ನು ಈ ವಾರವೇ ನಿಮ್ಮ ಬೀದಿಯಿಂದ ಆರಂಭಿಸಿ.